ಬೆಳ್ಳಿಯ ಮೋಡ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯವರಾದ ನಮಗೆ ಮೋಡವೆಂದರೆ ಮಳೆ. ಶುಕ್ರಗ್ರಹದ ಮೈತುಂಬ ಮೋಡ ಕವಿದಿದೆಯೆಂದು ಕೇಳಿ, ಅಲ್ಲಿಯೂ ಒಂದು ಆಗುಂಬೆ ಇದ್ದೀತೆಂದು ನಮ್ಮವರು ಯಾರಾದರೂ ಹೇಳಿದರೆ ನಗಬೇಕಿಲ್ಲ. ಒಂದು ಕಾಲಕ್ಕೆ ದೊಡ್ಡ ವಿಜ್ಞಾನಿಗಳೇ ಆ ಮೋಡದಡಿ ಜೌಗು, ಕಾಡು ಇರಬಹುದೆಂದು ಊಹಿಸಿದ್ದರು.

ಈ ಶುಕ್ರನೇ ನಮ್ಮ ಬೆಳ್ಳಿ. ಮನೆಮನೆಗೆ ಗಡಿಯಾರವಿಲ್ಲದ ಕಾಲದಲ್ಲಿ 'ಬೆಳ್ಳಿ ಮೂಡಿತು, ಏಳ್ರೋ' ಎಂಬ ಕೂಗಿಗೇ ಅಡಿಕೆ ಕೊಯ್ಲಿನ ಮನೆಗಳು ಎದ್ದು ಒಲೆ ಹಚ್ಚುತ್ತಿದ್ದವು. 1962ರ ಡಿಸೆಂಬರಿನಲ್ಲೂ ಬೆಳ್ಳಿ ಬೆಳಗಿನ ಜಾವ ಮೂಡಣದಲ್ಲಿತ್ತು. ಇಲ್ಲಿ ಅಡಿಕೆ ಬೇಯುತ್ತಿದ್ದ ಆ ದಿನಗಳಲ್ಲೇ ಅಲ್ಲಿ ಅದರ ಪಕ್ಕದಲ್ಲಿ ಒಂದು ಯಂತ್ರ ಹಾದುಹೋಯಿತು.

ಅದು ಅಮೆರಿಕದ ಮ್ಯಾರಿನರ್-2. ತೂಕ ಸುಮಾರು 200 ಕಿಲೋ. ಒಳಗೆ ಮನುಷ್ಯರಿಲ್ಲ, ಕ್ಯಾಮರಾ ಕೂಡ ಇಲ್ಲ. ಅದರ ಜೋಡಿ ಮ್ಯಾರಿನರ್-1 ಜುಲೈನಲ್ಲಿ ಹಾರಿದ ಕೆಲವೇ ನಿಮಿಷಗಳಲ್ಲಿ ನಾಶವಾಗಿತ್ತು. ಇದು ಆಗಸ್ಟ್ 27ರಂದು ಹೊರಟು, ದಾರಿಯಲ್ಲಿ ಒಂದು ಸೌರಫಲಕ ಕೈಕೊಟ್ಟರೂ ಹೇಗೋ ಸಾಗಿ, ಡಿಸೆಂಬರ್ 14ರಂದು ಶುಕ್ರನಿಂದ ಸುಮಾರು 35,000 ಕಿ.ಮೀ. ದೂರದಲ್ಲಿ ಹಾಯಿತು. ಅಳೆಯುವ ಕೆಲಸವನ್ನು ಯಂತ್ರ ತಾನಾಗಿ ಶುರುಮಾಡಲಿಲ್ಲ. ವಿಜ್ಞಾನಿಗಳು ಭೂಮಿಯಿಂದಲೇ ರೇಡಿಯೋ ಆಜ್ಞೆ ಕಳಿಸಿ ಎಬ್ಬಿಸಬೇಕಾಯಿತು. ಎದ್ದು ಮುಕ್ಕಾಲು ಗಂಟೆಗೂ ಕಡಿಮೆ ಹೊತ್ತು ದುಡಿದು ಅದು ಕೊಟ್ಟ ಲೆಕ್ಕದಿಂದ ತಿಳಿದದ್ದು ಇಷ್ಟು: ಮೋಡದ ಅಡಿಯಲ್ಲಿ 400 ಡಿಗ್ರಿಗೂ ಮಿಕ್ಕಿದ ಬಿಸಿ. ಜೌಗು, ಕಾಡುಗಳ ಕನಸು ಅಲ್ಲಿಗೆ ಮುಗಿಯಿತು.

ನಮ್ಮ ಘಾಟಿಯ ಕೆಳಗೆ, ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಆಗ ಅಮೆರಿಕದ ಎಂಐಟಿಯಲ್ಲಿದ್ದರು. ಸೂರ್ಯನಿಂದ ಹೊರಡುವ ಕಣಗಳ ಗಾಳಿ ಎಡೆಬಿಡದೆ ಬೀಸುತ್ತದೆಂದು ಮ್ಯಾರಿನರ್ ಕಳಿಸಿದ ಅಂಕಿಗಳಿಂದ ತೋರಿಸಿದವರಲ್ಲಿ ಅವರೂ ಒಬ್ಬರು. ದೇಶಕ್ಕೆ ಮರಳಿದ ಮೇಲೆ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿಸಿದರು. 1975ರಲ್ಲಿ ಅದು ಹಾರಿತು. ಬೆಂಗಳೂರಿನಲ್ಲಿ ಸಿದ್ಧವಾದ ಮಂಗಳಯಾನ 2014ರಲ್ಲಿ ಮಂಗಳನನ್ನು ಸೇರಿದ್ದನ್ನೂ ಕಂಡು, 2017ರಲ್ಲಿ ತೀರಿಕೊಂಡರು.

ಶುಕ್ರನ ಬಿಸಿಗೆ ಸೂರ್ಯನ ಸಾಮೀಪ್ಯವೊಂದೇ ಕಾರಣವಲ್ಲ. ಅದರ ದಟ್ಟ ಗಾಳಿ ಬಹುಪಾಲು ಇಂಗಾಲದ ಡೈಆಕ್ಸೈಡು. ಬಂದ ಶಾಖವನ್ನು ಹೋಗಗೊಡದು. ಮೋಡವೋ ಗಂಧಕಾಮ್ಲದ್ದು; ಅದರ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ.

ಆಷಾಢದಲ್ಲಿ ಮಳೆ ಹಿಡಿದು, ಕೊಳೆರೋಗಕ್ಕೆ ಮೈಲುತುತ್ತದ ದ್ರಾವಣ ಹೊಡೆಸಲೂ ಬಿಡದಿದ್ದಾಗ ನಮ್ಮಲ್ಲಿ ಆಕಾಶವನ್ನು ಬೈಯದವರಿಲ್ಲ. ನಾನೂ ಬೈಯುತ್ತೇನೆ. ಆದರೆ ಕಾಲಡಿಯ ನೆಲ ತಂಪಾಗಿರುವುದು ಈಗ ನನಗೆ ಸಾಧಾರಣ ಸಂಗತಿಯಾಗಿ ಕಾಣುವುದಿಲ್ಲ.