ದೇಶ, ಕೋಶ ಮತ್ತು ಹದಿನಾಲ್ಕು ದಿನಗಳು

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ಕನ್ನಡಿಗರ ಮನೆಮಾತು. ಲೋಕಾನುಭವವು ಗ್ರಂಥಜ್ಞಾನಕ್ಕೆ ಸಮನಾದುದೆಂದು ಸಾರುವ ಈ ಗಾದೆಯಲ್ಲಿ ಹಿರಿಯರು ಒಂದು ಮಾತನ್ನು ಹೇಳದೆ ಬಿಟ್ಟಿದ್ದಾರೆ. ದೇಶ ಸುತ್ತಲು ಎಷ್ಟು ದಿನಗಳು ಬೇಕು ಎಂಬುದೇ ಆ ಮಾತು. ಹಿಂದಿನ ಕಾಲದಲ್ಲಿ ಕಾಶಿಗೆ ಹೊರಟವನು ಮರಳುವ ದಿನವನ್ನು ಗೊತ್ತುಮಾಡಿಕೊಂಡು ಹೊರಡುತ್ತಿರಲಿಲ್ಲ. ಇಂದಿನ ನೌಕರನಿಗಾದರೋ ರಜೆಯ ಲೆಕ್ಕವುಂಟು, ವೀಸಾದ ಲೆಕ್ಕವುಂಟು, ಎಲ್ಲಕ್ಕೂ ಮಿಗಿಲಾಗಿ ಕೈಯಲ್ಲಿರುವ ಹಣದ ಲೆಕ್ಕವುಂಟು. ಈ ಮೂರು ಲೆಕ್ಕಗಳ ನಡುವೆ ಸಿಕ್ಕಿದ ಯಾತ್ರೆಯು ಯಾತ್ರಿಕನಿಗೆ ಏನನ್ನು ಕೊಟ್ಟೀತು ಎಂಬ ಪ್ರಶ್ನೆಗೆ ಧಾರವಾಡದ ಕಡೆಯ ಒಬ್ಬ ತರುಣನ ಅನುಭವವು ತಕ್ಕಮಟ್ಟಿಗೆ ಉತ್ತರ ಕೊಡುತ್ತದೆ.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಈ ತರುಣನು 2023ರ ಬೇಸಿಗೆಯಲ್ಲಿ ಒಂಟಿಯಾಗಿ ಯುರೋಪಿಗೆ ಹೊರಟನು. ತಂದೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಎರಡು ವರ್ಷಗಳಿಂದ ಅವರ ಕಣ್ಣು ಮಂಜಾಗಿ, ಓದುವ ಸುಖವು ಅವರ ಪಾಲಿಗೆ ಇಲ್ಲವಾಗಿತ್ತು. ಮಗನಿಗೆ ದೊರೆತ ರಜೆ ಹದಿನಾಲ್ಕು ದಿನಗಳದು. ನೋಡಬೇಕೆಂದು ಬರೆದುಕೊಂಡ ನಗರಗಳು ಎಂಟು: ಆಂಸ್ಟರ್‌ಡ್ಯಾಂ, ಕಲೋನ್, ಪ್ಯಾರಿಸ್, ಬಾಸೆಲ್, ಮ್ಯೂನಿಕ್, ವಿಯೆನ್ನಾ, ಪ್ರಾಗ್ ಮತ್ತು ಬರ್ಲಿನ್. ಬೆನ್ನಿನ ಚೀಲದ ತೂಕ ಒಂಬತ್ತು ಕಿಲೋ. ಅದರಲ್ಲಿ ಮೂರು ಜೊತೆ ಬಟ್ಟೆ, ಒಂದು ಮಳೆಯಂಗಿ, ತಾಯಿ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ, ಮತ್ತು ಗಂಟೆಗಂಟೆಗೂ ಮಾಡಬೇಕಾದ ಕೆಲಸವನ್ನು ನಮೂದಿಸಿದ ಒಂದು ಚಿಕ್ಕ ವಹಿ.

ಇಂಥ ಪ್ರವಾಸವನ್ನು ಸಾಧ್ಯವಾಗಿಸಿದ ವ್ಯವಸ್ಥೆಗಳು ಒಂದೇ ದಿನದಲ್ಲಿ ಹುಟ್ಟಿದವುಗಳಲ್ಲ. ಯುರೋಪಿನ ಹೊರಗಿನವರಿಗೆ ಹಲವು ದೇಶಗಳ ರೈಲುಗಳಲ್ಲಿ ಸಂಚರಿಸಲು ಒಂದೇ ಪಾಸು ಕೊಡುವ ಯುರೇಲ್ ಪದ್ಧತಿ 1959ರಲ್ಲಿ ಆರಂಭವಾಯಿತು. ಯುರೋಪಿನ ತರುಣರಿಗಾಗಿ ಇಂಟರ್‌ರೇಲ್ ಪಾಸು 1972ರಲ್ಲಿ ಬಂದಿತು. ಅಗ್ಗದ ವಸತಿಯ ಮೂಲವು ಇನ್ನೂ ಹಿಂದಿನದು. ರಿಚರ್ಡ್ ಷಿರ್‌ಮನ್ ಎಂಬ ಜರ್ಮನ್ ಶಾಲಾಶಿಕ್ಷಕರು ಆಲ್ಟೆನಾದ ಹಳೆಯ ಕೋಟೆಯಲ್ಲಿ 1912ರಲ್ಲಿ ಮೊದಲ ಶಾಶ್ವತ ಯುವವಸತಿಯನ್ನು ತೆರೆದರು. ವಿದ್ಯಾರ್ಥಿಗಳನ್ನು ಕಾಲ್ನಡಿಗೆಯಲ್ಲಿ ಕರೆದೊಯ್ಯುವಾಗ ರಾತ್ರಿ ತಂಗಲು ತಾಣವಿಲ್ಲದ ಕಷ್ಟವನ್ನು ಕಂಡ ಒಬ್ಬ ಮಾಸ್ತರರ ಯೋಚನೆಯಿಂದ ಲೋಕಕ್ಕೆಲ್ಲ ಉಪಕಾರವಾಯಿತೆಂಬುದು ಅಧ್ಯಾಪಕ ವೃಂದಕ್ಕೆ ಹೆಮ್ಮೆಯ ಸಂಗತಿ. 1985ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಗ್ರಾಮದ ಬಳಿ ಆದ ಒಪ್ಪಂದವು 1995ರಲ್ಲಿ ಜಾರಿಗೆ ಬಂದಮೇಲೆ, ಸೇರಿದ ದೇಶಗಳ ನಡುವಣ ಗಡಿಗಳಲ್ಲಿ ಪಾಸ್‌ಪೋರ್ಟ್ ತೋರಿಸುವ ಕಟ್ಟಳೆ ಸಾಮಾನ್ಯವಾಗಿ ತಪ್ಪಿತು. ಹೀಗೆ ಒಂದೇ ವೀಸಾದಿಂದ ಈ ತರುಣನಿಗೆ ನೆದರ್ಲೆಂಡ್ಸ್, ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಚೆಕ್ ದೇಶಗಳ ಬಾಗಿಲು ತೆರೆದಿತ್ತು.

ಮೊದಲ ಮೂರು ದಿನಗಳು ವಹಿಯಲ್ಲಿ ಬರೆದಂತೆಯೇ ನಡೆದವು. ಆಂಸ್ಟರ್‌ಡ್ಯಾಮಿನ ಡ್ಯಾಂ ಚೌಕದ ಅರಮನೆಯು ಕೆಸರುನೆಲದಲ್ಲಿ ಹೂತ 13,659 ಮರದ ಕಂಬಗಳ ಮೇಲೆ ನಿಂತಿದೆ ಎಂಬುದನ್ನು ಓದಿ ಅವನು ಬೆರಗಾದನು. ಬೆರಗಿಗೆ ವಹಿಯಲ್ಲಿ ಇಪ್ಪತ್ತು ನಿಮಿಷಗಳಿದ್ದವು. ಕಲೋನಿನಲ್ಲಿ ಎರಡು ರೈಲುಗಳ ನಡುವೆ ಸಿಕ್ಕಿದ್ದು ಎರಡೂವರೆ ಗಂಟೆ. ನಿಲ್ದಾಣದ ಬಾಗಿಲು ದಾಟಿದೊಡನೆ ಎದುರಿಗೇ ಮಹಾ ಚರ್ಚು. 1248ರಲ್ಲಿ ಅಡಿಗಲ್ಲು ಬಿದ್ದ ಆ ಕಟ್ಟಡ ಪೂರ್ಣವಾದದ್ದು 1880ರಲ್ಲಿ. ನಡುವೆ ಸುಮಾರು ಮೂರು ಶತಮಾನಗಳ ಕಾಲ ಕೆಲಸ ನಿಂತು, ಅರ್ಧಕಟ್ಟಿದ ಗೋಪುರದ ಮೇಲೆ ಭಾರವೆತ್ತುವ ಯಂತ್ರವು ಹಾಗೆಯೇ ಉಳಿದಿತ್ತಂತೆ. ಚೀಲವನ್ನು ನಿಲ್ದಾಣದ ಪೆಟ್ಟಿಗೆಯಲ್ಲಿಟ್ಟು, ದಕ್ಷಿಣ ಗೋಪುರದ 533 ಮೆಟ್ಟಿಲುಗಳನ್ನು ಏರಿ, ಮೇಲೆ ನಿಂತು ಗಡಿಯಾರ ನೋಡಿಕೊಂಡು, ಅವನು ಓಡೋಡುತ್ತ ಇಳಿದನು. 632 ವರ್ಷಗಳ ಕೆಲಸವನ್ನು ನೋಡಲು ಅವನಿಗೆ ದೊರೆತದ್ದು ಅಷ್ಟೇ.

ಪ್ಯಾರಿಸಿನಲ್ಲಿ ವಹಿಯು ಮೊದಲ ಸಲ ಸೋತಿತು. ಮಂಗಳವಾರ ಬೆಳಿಗ್ಗೆ ಲೂವ್ರ್ ವಸ್ತುಸಂಗ್ರಹಾಲಯ ಎಂದು ಬರೆದಿತ್ತು. ಅದು ಮಂಗಳವಾರ ಮುಚ್ಚಿರುತ್ತದೆ. ಗಂಟೆ, ನಿಮಿಷಗಳನ್ನೆಲ್ಲ ಎಣಿಸಿದವನು ವಾರವನ್ನು ನೋಡಿರಲಿಲ್ಲ. ಬುಧವಾರ ಬೆಳಗಿನ ಟಿಕೇಟುಗಳು ಮುಗಿದಿದ್ದವು. ಅಂದು ಮಧ್ಯಾಹ್ನವೇ ಬಾಸೆಲ್ಲಿನ ರೈಲು. ತಪ್ಪು ತನ್ನದೇ ಆದುದರಿಂದ ಯಾರನ್ನೂ ದೂರುವಂತಿರಲಿಲ್ಲ. ಸೇನ್ ನದಿಯ ದಂಡೆಯಲ್ಲಿ ನಡೆಯುತ್ತ ಅವನು ಪೋಂ ನಫ್ ಎಂಬ ಸೇತುವೆಗೆ ಬಂದನು. ಆ ಹೆಸರಿಗೆ ಹೊಸ ಸೇತುವೆಯೆಂದು ಅರ್ಥ. ಆದರೆ ನಗರದಲ್ಲಿ ಇಂದು ನಿಂತಿರುವ ಸೇತುವೆಗಳಲ್ಲಿ 1607ರಲ್ಲಿ ಮುಗಿದ ಅದೇ ಎಲ್ಲಕ್ಕಿಂತ ಹಳೆಯದು. ನಂತರ ಓರ್ಸೇ ಸಂಗ್ರಹಾಲಯವನ್ನು ಹೊಕ್ಕನು. 1900ರಲ್ಲಿ ರೈಲು ನಿಲ್ದಾಣವಾಗಿ ತೆರೆದ ಆ ಕಟ್ಟಡ 1986ರಲ್ಲಿ ಚಿತ್ರಶಾಲೆಯಾಯಿತು. ಗೋಡೆಯ ಮೇಲೆ ನಿಲ್ದಾಣದ ದೊಡ್ಡ ಗಡಿಯಾರ ಈಗಲೂ ಇದೆ; ಹೊರಡುವ ಗಾಡಿಗಳು ಮಾತ್ರ ಇಲ್ಲ. ಆ ಗಡಿಯಾರದ ಕೆಳಗೆ ಅವನು ನಾಲ್ಕು ಗಂಟೆಗಳನ್ನು ಕಳೆದನು. ಊರು ಬಿಟ್ಟ ಬಳಿಕ ಒಂದೇ ಕಡೆ ಅಷ್ಟು ಹೊತ್ತು ನಿಂತದ್ದು ಅದೇ ಮೊದಲು.

ಒಂಟಿ ಪ್ರವಾಸದ ಕಷ್ಟಗಳು ಹಗಲಿನಲ್ಲಿ ಕಾಣುವುದಿಲ್ಲ. ಹಗಲೆಲ್ಲ ನೋಡುವ ಕೆಲಸವಿರುತ್ತದೆ. ಸಂಜೆ, ಎಂಟು ಮಂಚಗಳ ಕೋಣೆಯಲ್ಲಿ ಎಂಟು ದೇಶಗಳವರು ತಮ್ಮ ತಮ್ಮ ಫೋನುಗಳಲ್ಲಿ ಮುಖವಿಟ್ಟು ಮಲಗಿದಾಗ, ಕಂಡದ್ದನ್ನು ಹೇಳಿಕೊಳ್ಳಲು ಒಂದು ಜೀವವಿಲ್ಲವೆಂಬ ಅರಿವು ಮೂಡುತ್ತದೆ. ಸಸ್ಯಾಹಾರಿಯಾದ ಅವನ ಊಟವೆಂದರೆ ಅಂಗಡಿಯ ಬ್ರೆಡ್ಡು, ಗಿಣ್ಣು, ಬಾಳೆಹಣ್ಣು, ಮೇಲಿಷ್ಟು ಚಟ್ನಿಪುಡಿ. ಹಣ ಉಳಿಸಲು ಊಟ ತಪ್ಪಿಸಿ, ಹೊತ್ತು ಉಳಿಸಲು ನಿದ್ರೆ ತಪ್ಪಿಸಿ, ಐದನೆಯ ದಿನ ಬಾಸೆಲ್ ಸೇರುವಾಗ ಮೈ ಕಾದ ಹಂಚಿನಂತಾಗಿತ್ತು.

ಗುರುವಾರವೆಲ್ಲ ಅವನು ಮಂಚ ಬಿಟ್ಟೇಳಲಿಲ್ಲ. ಅಂದು ಸಂಜೆ ಮ್ಯೂನಿಕ್ಕಿಗೆ ಹೋಗಬೇಕಾಗಿದ್ದ ರೈಲು ಅವನಿಲ್ಲದೆಯೇ ಹೋಯಿತು. ಕೆಳಗಿನ ಮಂಚದಲ್ಲಿದ್ದವನು ಕೆಲಸ ಹುಡುಕಿಕೊಂಡು ಬಂದ ಪೋರ್ಚುಗಲ್ ದೇಶದ ಒಬ್ಬ ಬಡಗಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಆತನು ಎರಡು ಹೊತ್ತು ನೀರು ಕಾಯಿಸಿ, ನಿಂಬೆಹುಳಿ ಹಿಂಡಿ ತಂದುಕೊಟ್ಟನು. ಹಣೆ ಮುಟ್ಟಿ ನೋಡಿ ತಲೆಯಾಡಿಸಿದನು. ಆ ಸೇವೆಗೆ ಬೆಲೆ ಕಟ್ಟುವ ಅಂಕಣ ತರುಣನ ವಹಿಯಲ್ಲಿ ಇರಲಿಲ್ಲ.

ಶುಕ್ರವಾರ ಜ್ವರ ಇಳಿಯಿತು. ಈಗ ಉಳಿದದ್ದು ಒಂದೇ ಪ್ರಶ್ನೆ. ಕೂಡಲೇ ಹೊರಟರೆ, ಮ್ಯೂನಿಕ್ಕನ್ನು ರೈಲಿನ ಕಿಟಕಿಯಿಂದಲೇ ನೋಡಿ, ಶನಿವಾರ ವಿಯೆನ್ನಾ ಸೇರಿ, ವಹಿಯ ಲೆಕ್ಕವನ್ನು ಮತ್ತೆ ಹಿಡಿಯಬಹುದಾಗಿತ್ತು. ವಿಯೆನ್ನಾದ ಎರಡು ರಾತ್ರಿಗಳ ಬಾಡಿಗೆಯನ್ನು ಮೊದಲೇ ತೆತ್ತಿದ್ದನು. ಅದು ಮರಳಿ ಬರುವ ಹಣವಲ್ಲ. ಯೋಚಿಸುತ್ತ ಬೀದಿಗಳಲ್ಲಿ ನಡೆದವನು, ಮಿಷನ್ ಬೀದಿಯಲ್ಲಿರುವ ಬಾಸೆಲ್ ಮಿಷನ್ನಿನ ಹಳೆಯ ಮನೆಯ ಮುಂದೆ ಬಂದು ನಿಂತನು. 1815ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಹೆಸರು ಕನ್ನಡ ನಾಡಿಗೆ ಹೊಸದಲ್ಲ. ಮಂಗಳೂರಿನ ಮುದ್ರಣಾಲಯ, 1843ರ ‘ಮಂಗಳೂರ ಸಮಾಚಾರ’, ಹಂಚಿನ ಕಾರ್ಖಾನೆಗಳು ಇವೆಲ್ಲ ಅದರ ಕಾರ್ಯಗಳೇ. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್ ಇಲ್ಲಿಯೇ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದರು. ಅಷ್ಟರಲ್ಲಿ ಊರಿನಿಂದ ತಂದೆಯ ಫೋನು ಬಂದಿತು.

“ತಮ್ಮಾ, ಜ್ವರ ಇಳೀತೇನು? ಎಲ್ಲಿ ಅದೀ?”

“ಇಳೀತಪ್ಪಾ. ಬಾಸೆಲ್‌ದಾಗ ಅದೀನಿ. ಮಿಷನ್ ಮನಿ ಮುಂದ ನಿಂತೀನಿ.”

ತಂದೆ ಕ್ಷಣಹೊತ್ತು ಸುಮ್ಮನಿದ್ದರು. “ಹಂಗಾರ ಕಿಟೆಲ್ ಸಾಹೇಬರು ಕಲಿತ ಊರಾಗ ಅದೀ. ಅವರು ತೀರಿಕೊಂಡಿದ್ದು ಟ್ಯೂಬಿಂಗನ್‌ದಾಗ. ಅದು ಅಲ್ಲಿಂದ ಎಷ್ಟು ದೂರ ಆಗ್ತೈತಿ?” ಎಂದು ಕೇಳಿ, ಮರುಕ್ಷಣವೇ, “ಸುಮ್ಮನ ಕೇಳಿದೆ. ನೀ ಗಾಡಿ ತಪ್ಪಿಸಬ್ಯಾಡ” ಎಂದರು.

ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಸುಮಾರು 70,000 ಪದಗಳೊಡನೆ ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾಯಿತು. ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂದಿತು. ಆ ವರ್ಷದ ಡಿಸೆಂಬರಿನಲ್ಲಿ ಅವರು ಅದೇ ಊರಿನಲ್ಲಿ ಕಣ್ಮುಚ್ಚಿದರು. ತಂದೆ ಮೂವತ್ತು ವರ್ಷಗಳ ಕಾಲ ಶಾಲೆಯ ಕಪಾಟಿನಿಂದ ಆ ಕೋಶವನ್ನು ಇಳಿಸಿ, ಧೂಳು ಒರೆಸಿ, ಮಕ್ಕಳ ಮುಂದೆ ತೆರೆದಿಟ್ಟವರು. ಮಗನು ಅದನ್ನು ಒಂದು ಸಲವೂ ತಾನಾಗಿ ತೆರೆದಿರಲಿಲ್ಲ. ಅದು ಅವನ ಮನಸ್ಸನ್ನು ಚುಚ್ಚಿತು. ಅವನು ವಹಿಯನ್ನು ತೆಗೆದು ವಿಯೆನ್ನಾ ಎಂಬ ಹೆಸರಿನ ಮೇಲೆ ಅಡ್ಡಗೆರೆ ಎಳೆದನು. ಹಾಗೆ ಎಳೆಯುವಾಗ ಸಂಕಟವಾಗಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆ ನಗರವನ್ನು ನೋಡುವ ಆಸೆ ಅವನಿಗೆ ಚಿಕ್ಕಂದಿನಿಂದ ಇತ್ತು.

ಶನಿವಾರ ಎರಡು ಕಡೆ ಗಾಡಿ ಬದಲಿಸಿ ಅವನು ಟ್ಯೂಬಿಂಗನ್ ತಲುಪಿದನು. 1477ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವುಳ್ಳ ಚಿಕ್ಕ ಊರದು. ನೆಕ್ಕಾರ್ ನದಿಯ ದಂಡೆಯಲ್ಲಿ, ಹೋಲ್ಡರ್ಲಿನ್ ಎಂಬ ಮಹಾಕವಿಯು 1807ರಿಂದ 1843ರವರೆಗೆ, ಬುದ್ಧಿ ಕದಡಿದ ಸ್ಥಿತಿಯಲ್ಲಿ, ಬಾಳಿನ ಉತ್ತರಾರ್ಧವನ್ನು ಕಳೆದ ಹಳದಿಯ ಗೋಪುರವಿದೆ. ಜನರು ಬಂದು ನೋಡುವುದು ಅದನ್ನು. ತರುಣನ ಬಳಿ ಕಿಟೆಲ್ಲರ ಮನೆಯ ವಿಳಾಸವಾಗಲಿ, ದಾರಿ ತೋರುವವರಾಗಲಿ ಇರಲಿಲ್ಲ. ಕಡಿದಾದ ಕಲ್ಲುಬೀದಿಗಳಲ್ಲಿ ಹತ್ತಿ ಇಳಿದು, ಚರ್ಚಿನ ಮುಂದೆ ಕುಳಿತು, ಕೊನೆಗೆ ಸೇತುವೆಯ ಬಳಿ ಬಂದು ತಂದೆಗೆ ಫೋನು ಮಾಡಿದನು.

“ಅಪ್ಪಾ, ಟ್ಯೂಬಿಂಗನ್‌ಗೆ ಬಂದೀನಿ.”

ಬಹಳ ಹೊತ್ತಿನ ಮೇಲೆ ದನಿ ಕೇಳಿತು. “ಅಲ್ಲಿ ಏನೇನೈತಿ, ಹೇಳು.”

“ದೊಡ್ಡದೇನಿಲ್ಲಪ್ಪಾ. ಹೊಳಿ ಐತಿ. ದಂಡಿ ಮ್ಯಾಲ ಸಾಲುಗಿಡ ಅದಾವು. ಮಂದಿ ಉದ್ದನ್ನ ದೋಣ್ಯಾಗ ಕುಂತು ಹೊಂಟಾರ. ಹುಟ್ಟು ಇಲ್ಲ, ಹಿಂದ ಒಬ್ಬಾಂವ ನಿಂತು ಗಳ ಊರಿ ನಡಸ್ತಾನ.”

“ಆ ದೋಣಿಗೆ ಅವರು ಏನಂತಾರ?”

ಮಗನಿಗೆ ಗೊತ್ತಿರಲಿಲ್ಲ. ಫೋನನ್ನು ಹಿಡಿದುಕೊಂಡೇ ಕೆಳಗಿಳಿದು, ದೋಣಿ ಕಟ್ಟುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಕೇಳಿದನು. ಆತನು ನಿಧಾನವಾಗಿ, ಎರಡು ಸಲ ಉಚ್ಚರಿಸಿ ಹೇಳಿದನು: ಷ್ಟೊಖರ್‌ಕಾನ್. ತಿವಿಯುವುದಕ್ಕೆ ಹೇಳುವ ಮಾತೊಂದು, ದೋಣಿಗೆ ಹೇಳುವ ಮಾತೊಂದು, ಎರಡೂ ಸೇರಿ ಆದ ಪದ. ತಂದೆ ಅದನ್ನು ತಾವೂ ಎರಡು ಸಲ ಹೇಳಿಕೊಂಡರು. “ತಿವಿದೋಣಿ ಅಂದಂಗಾತು. ಛಲೋ ಶಬ್ದ. ಬರಕೋ” ಎಂದರು. ಪರದೇಶದಿಂದ ಬಂದು ಕನ್ನಡ ನಾಡಿನ ಊರೂರುಗಳಲ್ಲಿ ಬಾಳಿ, ಗ್ರಂಥಗಳ ಪದಗಳೊಡನೆ ಜನರ ಆಡುಮಾತನ್ನೂ ಗಾದೆಗಳನ್ನೂ ಕೋಶದಲ್ಲಿ ತುಂಬಿಟ್ಟ ಹಿರಿಯನ ಊರಿನಲ್ಲಿ, ಕನ್ನಡದ ಹುಡುಗನೊಬ್ಬನು ಆ ಊರಿನ ಒಂದು ಪದವನ್ನು ಕೇಳಿ ಬರೆದುಕೊಂಡನು. ಗಂಟೆಗಳ ಲೆಕ್ಕದ ವಹಿಯಲ್ಲಿ ಮೊದಲ ಬಾರಿಗೆ ಒಂದು ಶಬ್ದವು ಸೇರಿತು.

ಉಳಿದ ದಿನಗಳು ಬೇಗನೆ ಮುಗಿದವು. ಮ್ಯೂನಿಕ್ಕಿನಲ್ಲಿ ಭಾನುವಾರ, ಜರ್ಮನಿಯಲ್ಲಿ ಅಂದು ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆಂಬುದು ತಿಳಿಯದೆ, ನಿಲ್ದಾಣದೊಳಗಿನ ಬ್ರೆಡ್ಡಿನಿಂದ ಹಸಿವು ಕಳೆದನು. ಪ್ರಾಗ್‌ನಲ್ಲಿ 1410ರ ಖಗೋಳ ಗಡಿಯಾರದ ಮುಂದೆ ನೂರಾರು ಜನ ಕತ್ತೆತ್ತಿ ನಿಂತಿದ್ದರು; ಗಂಟೆ ಬಾರಿಸಿದಾಗ ಕಿಟಕಿಗಳಲ್ಲಿ ಸಂತರ ಬೊಂಬೆಗಳು ಸುಳಿದು ಮರೆಯಾದವು. ಬರ್ಲಿನ್ನಿನ ಬೆರ್ನೌವರ್ ಬೀದಿಯಲ್ಲಿ, 1961ರಿಂದ 1989ರವರೆಗೆ ಒಂದೇ ಊರಿನ ಜನರನ್ನು ಅಗಲಿಸಿದ ಗೋಡೆಯ ಉಳಿದ ಭಾಗವನ್ನು ಕಂಡನು. ಐದು ದೇಶಗಳನ್ನು ತಡೆಯಿಲ್ಲದೆ ದಾಟಿ ಬಂದವನಿಗೆ, ಒಂದು ಬೀದಿಯನ್ನು ದಾಟಲು ಪ್ರಾಣ ತೆತ್ತವರ ಸ್ಮಾರಕದ ಮುಂದೆ ಮಾತು ಹೊರಡಲಿಲ್ಲ. ಅಲ್ಲಿ ಅವನು ಗಡಿಯಾರ ನೋಡಲಿಲ್ಲ.

ಎಣಿಸಿದರೆ ನೋಡಿದ ಊರುಗಳು ಎಂಟೇ. ವಿಯೆನ್ನಾ ಹೋಗಿ ಟ್ಯೂಬಿಂಗನ್ ಬಂದಿತು. ವಿಯೆನ್ನಾವನ್ನು ನೋಡಲಿಲ್ಲವೆಂಬ ಕೊರಗು ಅವನಿಗೆ ಇಂದಿಗೂ ಇದೆ. ಅದನ್ನು ಅವನು ಮುಚ್ಚಿಡುವುದಿಲ್ಲ. ವೇಳಾಪಟ್ಟಿಯನ್ನು ಅವನು ಹಳಿಯುವುದೂ ಇಲ್ಲ. ಅದಿಲ್ಲದಿದ್ದರೆ ಅಷ್ಟು ಹಣದಲ್ಲಿ, ಅಷ್ಟು ರಜೆಯಲ್ಲಿ ಹೊರಡುವುದೇ ಆಗುತ್ತಿರಲಿಲ್ಲ. ಆದರೆ ಹೋಗಬೇಕೆನ್ನುವ ಗೆಳೆಯರು ಸಲಹೆ ಕೇಳಿದರೆ ಎರಡು ಮಾತು ಹೇಳುತ್ತಾನೆ: ಊರಿನ ಹೆಸರಿನ ಜೊತೆಗೆ ವಾರವನ್ನೂ ನೋಡಿಕೊಳ್ಳಿರಿ, ಏಳು ದಿನಗಳಿಗೊಂದು ದಿನವನ್ನು ಬರೆಯದೆ ಬಿಡಿರಿ. ಆ ಬರೆಯದ ದಿನ ಜ್ವರಕ್ಕೂ ಆದೀತು, ತಂದೆಯ ಒಂದು ಪ್ರಶ್ನೆಗೂ ಆದೀತು.

ಊರಿಗೆ ಬಂದ ಮೇಲೆ ಅವನು ಶಾಲೆಗೆ ಹೋಗಿ, ಅನುಮತಿ ಪಡೆದು, ಗ್ರಂಥಾಲಯದ ಆ ಕೋಶವನ್ನು ಕಪಾಟಿನಿಂದ ಇಳಿಸಿದನು. ಈಗ ರಜೆಯಲ್ಲಿ ಬಂದಾಗಲೆಲ್ಲ ತಂದೆಯನ್ನು ಅಲ್ಲಿಗೆ ಕರೆದೊಯ್ದು, ಅವರು ಹೇಳಿದ ಪುಟವನ್ನು ತೆರೆದು ಗಟ್ಟಿಯಾಗಿ ಓದುತ್ತಾನೆ. ತಂದೆ ಕಣ್ಣು ಮುಚ್ಚಿ ಕೇಳುತ್ತಾರೆ. ಗಾದೆಯು ದೇಶವನ್ನೂ ಕೋಶವನ್ನೂ ‘ಇಲ್ಲವೆ’ ಎಂದು ಬೇರ್ಪಡಿಸಿದೆ. ಆ ಮನೆಯಲ್ಲಿ ಮಾತ್ರ ದೇಶ ಸುತ್ತಿ ಬಂದ ಮಗನಿಂದ ಕೋಶದ ಓದು ಮೊದಲಾಗಿದೆ.