ಚಿಂತಾಮಣಿಯಾಚೆ ಮಿದುಳಿನ ಅಧ್ಯಯನ

ಗೌರಿಬಿದನೂರಿನ ಬಯಲಿನಲ್ಲಿ ವಿಜ್ಞಾನಿಗಳು 1976ರಿಂದ ಆಕಾಶದ ರೇಡಿಯೋ ಅಲೆಗಳಿಗೆ ಕಿವಿಗೊಟ್ಟಿರುವರು. ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಬಂದು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಕಂಡು, ಚಿಂತಾಮಣಿಯನ್ನು ದಾಟಿದರೆ ಮಾವಿನ ತೋಪುಗಳ ಶ್ರೀನಿವಾಸಪುರ ತಾಲ್ಲೂಕು. ಇಲ್ಲಿ ವಿಜ್ಞಾನವು ಅರಿಯಹೊರಟಿರುವುದು ಹಳ್ಳಿಯ ಹಿರಿಯರ ಮಿದುಳನ್ನು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಈ ಅಧ್ಯಯನವನ್ನು ಕೈಗೊಂಡಿತು. 45 ವರ್ಷ ತುಂಬಿದ 10,000 ಮಂದಿಯ ಸ್ಮರಣಶಕ್ತಿ, ರಕ್ತ, ಮಿದುಳಿನ ಚಿತ್ರಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುವುದು ಅದರ ಗುರಿ. 'ಅರವತ್ತಕ್ಕೆ ಅರಳುಮರಳು' ಎಂದು ನಕ್ಕು ನಾವು ಕೈಬಿಡುವ ಮರೆವಿನಲ್ಲಿ ವಯಸ್ಸಿನ ಪಾಲೆಷ್ಟು, ರೋಗದ ಪಾಲೆಷ್ಟು? ಆರೋಗ್ಯವಿರುವಾಗಿನಿಂದಲೇ ನೋಡುತ್ತ ಬಂದರಲ್ಲದೆ ಇದು ತಿಳಿಯದು. ಆ ನಗೆ ಎಷ್ಟೋ ಹಿರಿಯರನ್ನು ವೈದ್ಯರಿಂದ ದೂರವಿರಿಸಿದೆ.

ಈ ಸೀಮೆಯವರು ಕನ್ನಡ, ತೆಲುಗು ಎರಡನ್ನೂ ಆಡುವವರು. ಹೈದರಾಬಾದಿನ 648 ಮರೆವಿನ ರೋಗಿಗಳನ್ನು ಕುರಿತ 2013ರ ಅಧ್ಯಯನದಲ್ಲಿ, ಒಂದೇ ಭಾಷೆಯವರಿಗಿಂತ ಹೆಚ್ಚು ಭಾಷೆ ಬಲ್ಲವರಿಗೆ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಶಾಲೆಯ ಮುಖ ಕಾಣದವರಲ್ಲಿಯೂ ಹಾಗೆಯೇ!

ವಿಜ್ಞಾನ ಸಂಸ್ಥೆಯಲ್ಲಿ 2009ರಿಂದ ನರವಿಜ್ಞಾನ ಕೇಂದ್ರವೂ ಇದ್ದು, ಪಿಎಚ್.ಡಿ. ತರಬೇತಿ ನೀಡುತ್ತಿದೆ. ಜೀವಶಾಸ್ತ್ರದವರಷ್ಟೇ ಅಲ್ಲ, ಎಂಜಿನಿಯರಿಂಗ್ ಓದಿದವರೂ ಅಲ್ಲಿ ಸಲ್ಲುವರು. ತೆಲುಗು ಬೆರೆತ ಅಜ್ಜಿಯ ಕನ್ನಡವನ್ನು ಅರಿಯಬಲ್ಲ ಸಂಶೋಧಕಿ ಈ ಊರುಗಳ ಮನೆಗಳಿಂದಲೇ ಏಕೆ ಹೋಗಬಾರದು?