ಜಾಲದ ಮನೆ ಬದಲಿಸಿದ್ದು

ಮನೆ ಬದಲಿಸುವ ಕಷ್ಟ ಬಾಡಿಗೆಯವನಿಗೆ ಗೊತ್ತು. ಊರು ಬದಲಿಸುವ ಕಷ್ಟ ವರ್ಗವಾದ ಗುಮಾಸ್ತನಿಗೆ ಗೊತ್ತು. ಊರೇ ಮನೆ ಬದಲಿಸಿದ್ದನ್ನು ಕಂಡವರು ನಮ್ಮ ಹರಪನಹಳ್ಳಿಯವರು. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು. ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆಗೂಡಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಇದ್ದಲ್ಲೇ ಇತ್ತು, ಓಡಾಡಿದವು ಕಡತಗಳು.

ನನ್ನ ಜಾಲತಾಣದ ಕಥೆಯೂ ಇಂಥದೇ. ಈ ಐದು ತಾಲ್ಲೂಕುಗಳ ಜಾತ್ರೆ, ಅಡುಗೆ, ಗಾದೆಗಳ ಬಗ್ಗೆ ಬರೆದು ಅದರಲ್ಲಿ ಇಡುವುದು ನನ್ನ ಹವ್ಯಾಸ. ಓದುಗರು ಬೆರಳೆಣಿಕೆಯಷ್ಟು. ಹೂಡಿದ್ದ ಸಂಸಾರ ಮಾತ್ರ ದೊಡ್ಡದು: ವರ್ಡ್‌ಪ್ರೆಸ್ ಎಂಬ ತಂತ್ರಾಂಶ, ಅದರ ಬೆನ್ನಿಗೆ ಹತ್ತಾರು ಪ್ಲಗಿನ್‌ಗಳು, ಬರೆದದ್ದನ್ನೆಲ್ಲ ಕಾಯಲು ಹಗಲಿರುಳೂ ಎಚ್ಚರವಾಗಿರುವ ಮೈಎಸ್‌ಕ್ಯೂಎಲ್ ಎಂಬ ಉಗ್ರಾಣಿ. ನಾನು ಬರೆಯುವುದಕ್ಕಿಂತ ಇವರ ಯೋಗಕ್ಷೇಮ ವಿಚಾರಿಸುವುದೇ ಹೆಚ್ಚಾಯಿತು.

“ಮಾವಾ, ಒಬ್ಬರ ಅನ್ನಕ್ಕ ಮದುವಿ ಹಂಡೆ ಯಾಕ ಇಟ್ಟೀರಿ?” ಎಂದು ನಕ್ಕ ಸೋದರಳಿಯ. ಚಿಕ್ಕದೊಂದು ತಂತ್ರಾಂಶವನ್ನೂ ಎಸ್‌ಕ್ಯೂಲೈಟ್ ಎಂಬ ದತ್ತಕೋಶವನ್ನೂ ತೋರಿಸಿದ. ರಿಚರ್ಡ್ ಹಿಪ್ ಎಂಬಾತ 2000ದಲ್ಲಿ ಹೊರತಂದದ್ದು. ಅದಕ್ಕೆ ಉಗ್ರಾಣಿಯೇ ಬೇಡ. ಇಡೀ ಉಗ್ರಾಣ ಒಂದೇ ಕಡತ, ಟ್ರಂಕಿನಂತೆ ಎತ್ತಿಕೊಂಡು ಹೋಗಬಹುದು. ಏಕಕಾಲಕ್ಕೆ ಒಬ್ಬರೇ ಅದರಲ್ಲಿ ಬರೆಯಬಹುದೆಂಬುದು ಒಂದು ಮಿತಿ. ನನ್ನಲ್ಲಿ ಬರೆಯುವವನೇ ಒಬ್ಬ.

ಒಂದು ಭಾನುವಾರ ಸಾಮಾನು ಸಾಗಿಸಿದೆ. ಹೊಸ ಮನೆಯ ಬಾಗಿಲು ತೆರೆದರೆ ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು! ಒಂದೂ ಕನ್ನಡ ಅಕ್ಷರವಿಲ್ಲ. ಎದೆ ಧಸಕ್ಕೆಂದಿತು. ಚಿಕ್ಕಂದಿನಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಕೊಟ್ಟೂರೇಶ್ವರನ ತೇರಿಗೆ ಹೋದದ್ದನ್ನು ಅವ್ವ ಹೇಳಿದ್ದಳು. ಅವಳ ಮಾತಿನಲ್ಲೇ ಬೆರಳಚ್ಚಿಸಿ ಅಲ್ಲಿ ಇಟ್ಟಿದ್ದೆ. ಕಾಗದದಲ್ಲಿ ಪ್ರತಿಯಿಲ್ಲ. ಈಗ ಅವ್ವನೂ ಇಲ್ಲ.

ತಪ್ಪು ನನ್ನದೇ. ಹಳೆಯ ಉಗ್ರಾಣದಿಂದ ಹೊರತೆಗೆಯುವಾಗ ಅಕ್ಷರಸಂಕೇತ ಯುಟಿಎಫ್-8 ಎಂದು ಹೇಳಬೇಕಿತ್ತು. ಯುರೋಪಿನ ಕೆಲವು ಭಾಷೆಗಳನ್ನಷ್ಟೇ ಬಲ್ಲ ಲ್ಯಾಟಿನ್-1 ಎಂದು ಬಿಟ್ಟಿದ್ದೆ. ಅದಕ್ಕೆ ನಮ್ಮ ‘ಕ’ ತಿಳಿಯದು. ತಿಳಿಯದ್ದಕ್ಕೆಲ್ಲ ಪ್ರಶ್ನೆ ಹಾಕಿ ಕೂತಿದೆ. ಹಾಗೆ ಪ್ರಶ್ನೆಯಾದ ಅಕ್ಷರ ಮತ್ತೆ ಅಕ್ಷರವಾಗದು. ಪುಣ್ಯಕ್ಕೆ ಹಳೆಯ ಮನೆಯನ್ನು ಇನ್ನೂ ಖಾಲಿ ಮಾಡಿರಲಿಲ್ಲ. ಸಂಕೇತ ಸರಿಪಡಿಸಿ ಮತ್ತೊಮ್ಮೆ ತಂದೆ. ಅವ್ವನ ಗಾಡಿ ಮತ್ತೆ ಕೊಟ್ಟೂರಿನ ಹಾದಿ ಹಿಡಿಯಿತು.

ಈಗ ಆ ಕಡತದ ಒಂದು ಪ್ರತಿ ಬೀರುವಿನಲ್ಲಿ ಹೊಲದ ಪಹಣಿಯ ಪಕ್ಕದಲ್ಲಿದೆ. ಮನೆ ಹಗುರವಾದದ್ದು ನಿಜ. ಆದರೆ ಹೊಸ ಮನೆಯಲ್ಲಿ ಹಾಲುಕ್ಕುವ ತನಕ ಹಳೆಯ ಮನೆಯ ಬೀಗದ ಕೈ ಯಾರಿಗೂ ಕೊಡಬೇಡಿ.